ಕಿಟಕಿಯಾಚೆಯ ಕ್ಲಾಸು

ಫೀಸು ಏರಿಸಿದ್ದಕ್ಕೆ ಕಾಲೇಜಿನ ಗೇಟಿನಲ್ಲಿ ಹುಡುಗರ ಘೋಷಣೆ ಮುಗಿಲು ಮುಟ್ಟಿತ್ತು. ಪ್ರಿನ್ಸಿಪಾಲ್ ವೃಷಭೇಂದ್ರಯ್ಯ ಬಿ.ಎ. ಓದುವ ನಾಗವೇಣಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಗದರಿದರು: “ಆಡಳಿತ ಮಂಡಳಿ ಅಧ್ಯಕ್ಷರು ಬರ್ತಾರೆ. ಗಲಾಟೆಯಿಂದ ಪಾಠ ಕೇಳಿಸ್ತಿಲ್ಲ ಅನ್ನಬೇಕು. ಇಲ್ಲದಿದ್ರೆ ಹಾಲ್ ಟಿಕೆಟ್ ಮರೆತುಬಿಡು!”

“ಇರೋದನ್ನೇ ಹೇಳ್ತೀನಿ ಸಾರ್,” ಅಂದಳು.

ಅಧ್ಯಕ್ಷರು ಬಂದರು. ನಾಗವೇಣಿ ಎದ್ದು ಕೈಮುಗಿದಳು. “ಈ ಗಲಾಟೆಯಲ್ಲಿ ಒಂದಕ್ಷರ ಪಾಠ ಕೇಳಿಸ್ತಿಲ್ಲ ಸಾರ್.”

ಪ್ರಿನ್ಸಿಪಾಲರು ಹಿರಿಹಿರಿ ಹಿಗ್ಗಿದರು.

“ಮುಂದಿನ ಬೆಂಚಲ್ಲಿ ಕೂತರೂ ಕೇಳಿಸಲ್ವೇನಮ್ಮ?” ಅಧ್ಯಕ್ಷರು ಕೇಳಿದರು.

“ಇಲ್ಲಿ ಕೂರಿಸಿದ್ದು ಇವತ್ತೊಂದಿನ ಸಾರ್. ಹೊಸ ಫೀಸು ಕಟ್ಟದ ನಾವೆಲ್ಲ ಹೊರಗೆ ನಿಂತು ಕಿಟಕಿಯಿಂದ ಕೇಳೋದು.”

ಅಧ್ಯಕ್ಷರು ಆ ಕಡೆ ತಿರುಗುವ ಮೊದಲೇ ಪ್ರಿನ್ಸಿಪಾಲರು ಕಿಟಕಿ ಮುಚ್ಚಲು ಓಡಿದರು. ಸರಳಿನಾಚೆ ಒತ್ತೊತ್ತಾಗಿ ನಿಂತಿದ್ದ ಮುಖಗಳು ಒಟ್ಟಿಗೇ ಕೂಗಿದವು: “ಮುಚ್ಚಬೇಡಿ ಸಾರ್, ನಮ್ಮ ಕ್ಲಾಸೇ ಅದು!”