ಪಿಸುಮಾತಿನ ಡಂಗುರ

"ಮಹಾರಾಣಿ ಮಲ್ಲಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಕೋಟೆ ಬಾಗಿಲಿಗೆ."

ಕುಂದಲಪುರದಲ್ಲಿ ಈ ಡಂಗುರವನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಹೊಡೆದವನ ಕೈ ಉಳಿಯುತ್ತಿರಲಿಲ್ಲ. ಡಂಗುರದವನು ತಮಟೆಯನ್ನು ಕಂಬಳಿಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡು, ಮನೆಮನೆಗೂ ಹೋಗಿ ಕಿವಿಯಲ್ಲಿ ಪಿಸುಗುಟ್ಟಿ ಬಂದ. ಯಾಕಂತೀರಾ? ರಾಣಿಗೆ ಅರೆತಲೆನೋವು. ಬಂತೆಂದರೆ ಬೆಳಕು ಆಗದು, ಸದ್ದು ಆಗದು, ಒಗ್ಗರಣೆಯ ವಾಸನೆಗೂ ಹೊಟ್ಟೆ ತೊಳಸಿ ವಾಂತಿ. ಹಿಂದೆ ಅಪರೂಪಕ್ಕೆ ಬರುತ್ತಿದ್ದದ್ದು ಈಗ ದಿನವೂ ಬರುತ್ತಿತ್ತು. ಹಾಗಾಗಿ ದನಗಳ ಕೊರಳಗಂಟೆ ಬಿಚ್ಚಿಸಿದರು, ಒನಕೆಗೆ ಬಟ್ಟೆ ಸುತ್ತಿಸಿದರು, ಬೀಸುವ ಕಲ್ಲನ್ನಂತೂ ಮುಟ್ಟುವ ಹಾಗೇ ಇಲ್ಲ. ಹುಂಜಗಳ ಕತೆ ಕೇಳಲೇಬೇಡಿ, ಊರೆಲ್ಲ ಸಾರು ಮಾಡಿ ಉಂಡಿತು.

ಆ ಊರಲ್ಲಿ ಚಾಪೆ ಹೆಣೆಯುವ ಕೆಂಚ ಅಂತ ಒಬ್ಬ ಹುಡುಗ. ಅವನಿಗೆ ಇದ್ದದ್ದು ಅವ್ವ ಪುಟ್ಟೀರಮ್ಮ ಒಬ್ಬಳೇ. ಹಿಟ್ಟು ಮುಗಿದು ಮಗ ಹಸಿದು ಮಲಗಿದ್ದನ್ನು ನೋಡಲಾರದೆ ಒಂದು ದಿನ ಅವಳು ಹಿಡಿ ರಾಗಿ ಬೀಸಿಬಿಟ್ಟಳು. ಕಲ್ಲಿನ ಸದ್ದು ಅರಮನೆಗೆ ಕೇಳಿತು. ಭಟರು ಬಂದು ಎಳೆದುಕೊಂಡು ಹೋಗಿ ನೆಲಮಾಳಿಗೆಗೆ ತಳ್ಳಿದರು. ಪಾಪ, ಅವಳಿಗೂ ಅದೇ ಅರೆತಲೆನೋವು. ತನ್ನ ಹೊಟ್ಟೆಯಿಂದಾಗಿ ಅವ್ವ ಅಲ್ಲಿ ಸಾಯುತ್ತಾಳೆ ಎಂದು ಕೆಂಚ ಸಂಕಟಪಟ್ಟ. ಒಗಟು ಬಿಡಿಸಿ ಅವ್ವನನ್ನು ಬಿಡಿಸಿಕೊಳ್ಳುತ್ತೇನೆ, ಇಲ್ಲವಾದರೆ ನನ್ನ ತಲೆಯೂ ಹೋಗಲಿ ಎಂದು ಅರಮನೆಗೆ ನಡೆದ.

ಒಡ್ಡೋಲಗದ ಕಿಟಕಿಗಳಿಗೆಲ್ಲ ಕರಿಬಟ್ಟೆ. ಹಣೆಗೆ ಬಟ್ಟೆ ಬಿಗಿದ ರಾಣಿ ದಿಂಬಿಗೆ ಒರಗಿದ್ದಳು, ಮುಷ್ಟಿಯಲ್ಲಿ ಒಂದು ಬೆಳ್ಳಿ ಡಬ್ಬಿ. ಕೆಂಚನಿಗಿಂತ ಮುಂಚೆ ಇಬ್ಬರು ನಿಂತಿದ್ದರು, ಪಕ್ಕದ ರಾಜ್ಯದ ರಾಜಕುಮಾರ, ಅವನ ಹಿಂದೆ ಸೆಟ್ಟರ ಮಗ.

"ಒಂದು ಮನೆ. ಅರ್ಧಕ್ಕೆ ಬೆಂಕಿ ಬಿದ್ದಿದೆ, ಇನ್ನರ್ಧ ತಣ್ಣಗಿದೆ. ಹೊಗೆ ಕಾಣುವುದಿಲ್ಲ. ದೀಪ ತಂದರೆ ಉರಿ ಹೆಚ್ಚುತ್ತದೆ. ಯಾವ ಮನೆ?" ಎಂದು ರಾಣಿ ಕೇಳಿದಳು.

ರಾಜಕುಮಾರ ಮೀಸೆ ತಿರುವಿ, ಗ್ರಹಣ ಹಿಡಿದ ಚಂದ್ರ ಎಂದ. ಅವನನ್ನು ಹೊರಗೆ ಕರೆದುಕೊಂಡು ಹೋದರು. ಕೂಗಬಾರದೆಂದು ಬಾಯಿಗೆ ಬಟ್ಟೆ ತುರುಕಿದ್ದರು.

ಸೆಟ್ಟರ ಮಗ ಚುರುಕು. ರಾಣಿಯ ಹಣೆಯ ಬಟ್ಟೆ ನೋಡಿ, ಅರೆತಲೆನೋವು ಬಂದ ತಲೆ ಎಂದು ಗೆದ್ದ. ರಾಣಿ ಎರಡನೆಯದನ್ನು ಕೇಳಿದಳು. "ಇಬ್ಬರು ಅಣ್ಣತಮ್ಮಂದಿರು. ಒಬ್ಬೊಬ್ಬರೇ ಹೋದರೆ ಏಟು ತಿಂದು ಬರುತ್ತಾರೆ. ಜೊತೆಯಾಗಿ ಹೋದರೆ ಗೆಲ್ಲುತ್ತಾರೆ. ಆದರೆ ಶತ್ರು ಬಾಗಿಲು ದಾಟುವ ಮೊದಲೇ ಹೋಗಬೇಕು. ಯಾರವರು?" ಅವನು ಎರಡು ಕಣ್ಣು ಎಂದ. ಅವನ ಕತೆಯೂ ಮುಗಿಯಿತು.

ಈಗ ಕೆಂಚನ ಸರದಿ. ಮೊದಲ ಉತ್ತರ ಹೇಗೂ ಕೇಳಿಸಿಕೊಂಡಿದ್ದ. ಎರಡನೆಯದಕ್ಕೆ ಅವ್ವ ನೆನಪಾದಳು.

"ಗುಳಿಗೆ, ತಾಯಿ. ತಿಮ್ಮಾಜಿ ಪಂಡಿತರು ನಮ್ಮವ್ವನಿಗೆ ಎರಡು ಮದ್ದು ಬೇರೆಬೇರೆ ಕೊಟ್ಟು ನೋಡಿದರು, ಹಿಡಿಯಲಿಲ್ಲ. ಒಂದು ತಲೆಯೊಳಗಿನ ಬಡಿತ ತಗ್ಗಿಸೋದು, ಇನ್ನೊಂದು ಬಾವು ಇಳಿಸೋದು. ಎರಡನ್ನೂ ಸೇರಿಸಿ ಒಂದೇ ಗುಳಿಗೆ ಕಟ್ಟಿಕೊಟ್ಟಾಗ ಹಿಡೀತು. ನೋವು ಶುರುವಾದ ಕೂಡಲೇ ನುಂಗಬೇಕು, ಏರಿದ ಮೇಲೆ ನುಂಗಿದರೆ ಅಷ್ಟಕ್ಕಷ್ಟೆ."

ರಾಣಿ ತಲೆ ಎತ್ತಿದಳು. "ಮೂರನೆಯದು ಆ ಪಂಡಿತನದೇ ಒಗಟು. ಗುಳಿಗೆ ದಿನಾ ಕೊಡುವುದಿಲ್ಲ ಎಂದು ಹಟ ಹಿಡಿದ, ಗುಳಿಗೆಯನ್ನೆಲ್ಲ ಕಸಿದುಕೊಂಡು ನೇಣಿಗೆ ಹಾಕಿಸಿದೆ. ಹೋಗುವಾಗ ಇದನ್ನು ಹೇಳಿ ಹೋದ. ಉತ್ತರ ನನಗೂ ಗೊತ್ತಿಲ್ಲ, ಕೇಳಿದಾಗ ತಿಳಿಯುತ್ತದೆ. ಅಪರೂಪಕ್ಕೆ ಬಂದರೆ ದುಃಖ ಕಳೆಯುವ ನೆಂಟ, ಮನೆಯಲ್ಲೇ ಬೀಡುಬಿಟ್ಟರೆ ತಾನೇ ದುಃಖವಾಗುತ್ತಾನೆ. ಯಾರವನು?"

ಕೆಂಚ ರಾಣಿಯ ಮುಷ್ಟಿಯತ್ತ ನೋಡಿದ. ಉತ್ತರ ಗೊತ್ತಿತ್ತು, ಹೇಳಲು ಹೆದರಿಕೆ.

"ಅದೂ ಗುಳಿಗೆಯೇ, ತಾಯಿ. ನಿಮ್ಮ ಮುಷ್ಟಿಯಲ್ಲಿದೆ. ನಮ್ಮವ್ವನೂ ಆಸೆಬಿದ್ದು ದಿನಾ ನುಂಗಿದ್ದಳು. ಆಮೇಲೆ ನೋವೂ ದಿನಾ ಬರೋಕೆ ಶುರುವಾಯ್ತು. ಪಂಡಿತರು ಬಂದು ಡಬ್ಬಿ ಕಿತ್ತುಕೊಂಡು ಹೋದರು."

ರಾಣಿ ಡಬ್ಬಿ ತೆರೆದು ಒಳಗೆ ನೋಡುತ್ತಾ ಕೂತಳು. ತನ್ನನ್ನು ಉಳಿಸಲು ನೋಡಿದವನನ್ನೇ ಕೊಂದೆನಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಅತ್ತರೆ ತಲೆ ಸಿಡಿಯುತ್ತಿತ್ತು, ಅಳುವ ಹಾಗೂ ಇರಲಿಲ್ಲ.

"ಬಿಟ್ಟರೆ ಹೋಗುತ್ತದಾ?" ಎಂದಳು.

"ಮೊದಲು ಇನ್ನೂ ಜಾಸ್ತಿಯಾಗತ್ತೆ. ಅವ್ವ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಆಮೇಲೆ ಇಳೀತು. ಪೂರ್ತಿ ಹೋಗಲಿಲ್ಲ ತಾಯಿ, ಸುಳ್ಳು ಹೇಳಲ್ಲ. ಯಾವಾಗಲಾದರೂ ಬರತ್ತೆ. ಬಂದಾಗ ಒಂದು ಗುಳಿಗೆ, ಅಷ್ಟೇ."

ರಾಣಿ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಬೇಕಾದ್ದು ಕೇಳು ಎಂದಳು. ಹೊನ್ನು ಕೇಳಬಹುದಿತ್ತು, ಊರು ಕೇಳಬಹುದಿತ್ತು. ಅವನು ಅವ್ವನನ್ನು ಕೇಳಿದ. ಬಾಗಿಲ ಮೇಲಿನ ತಲೆಗಳನ್ನು ಇಳಿಸಿ ಮಣ್ಣು ಮಾಡಿಸಿ ಎಂದೂ ಕೇಳಿದ. ಎರಡಕ್ಕೂ ಒಪ್ಪಿ ರಾಣಿ, ಬೀಸುವ ಕಲ್ಲಿಗೂ ಅಪ್ಪಣೆ ಕೊಟ್ಟಳು.

ಪುಟ್ಟೀರಮ್ಮ ಕಣ್ಣಿಗೆ ಸೆರಗು ಅಡ್ಡ ಹಿಡಿದು ಮೇಲೆ ಬಂದಳು. ಮೂಳೆ ಚಕ್ಕಳವಾಗಿದ್ದಳು. ಅಮ್ಮ ಮಗ ಅಂಗಳ ದಾಟುವಾಗ ಒಳಗಿನಿಂದ ರಾಣಿ ನರಳುವುದು ಕೇಳಿತು. ಅವ್ವ ನಿಂತಳು. ನೀನು ಮನೆಗೆ ಹೋಗು, ಇವಳ ಹಣೆಗೆ ಒದ್ದೆಬಟ್ಟೆ ಹಾಕೋರು ಬೇಕು, ನೋವು ಇಳಿಯೋವರೆಗೆ ಇದ್ದು ಬರ್ತೀನಿ ಎಂದಳು.

ಕೆಂಚನಿಗೆ ಸಿಟ್ಟು ನೆತ್ತಿಗೇರಿತು. "ನಿನ್ನನ್ನ ಕತ್ತಲೆಗೆ ತಳ್ಳಿದವಳು ಅವ್ವಾ. ಪಂಡಿತರನ್ನ ಕೊಂದವಳು."

"ಗೊತ್ತು ಮಗಾ. ನೀನು ಕೂಸಾಗಿದ್ದಾಗ ಒಂದೇ ಸಮ ಅಳ್ತಿದ್ದೆ. ಈ ನೋವು ಬಂದಿದ್ದಾಗ ನಿನ್ನ ಎತ್ತಿಕೊಂಡು ಬಾವಿ ಕಟ್ಟೆ ತನಕ ಹೋಗಿದ್ದೆ. ಪಕ್ಕದ ಮನೆಯವಳು ಕಸಿದುಕೊಂಡಳು. ಇವಳಿಗೆ ಕಸಿದುಕೊಳ್ಳೋರು ಇರಲಿಲ್ಲ."

ಅಷ್ಟು ಹೇಳಿ ಅವಳು ಒಳಗೆ ಹೋದಳು.

ಕೆಂಚ ಒಬ್ಬನೇ ಮನೆಗೆ ಬಂದ. ಹಸಿವು ಕಿತ್ತು ತಿನ್ನುತ್ತಿತ್ತು. ಹಿಡಿ ರಾಗಿ ಸುರಿದು ಬೀಸುವ ಕಲ್ಲಿನ ಗೂಟ ಹಿಡಿದ. ಅಪ್ಪಣೆಯೇನೋ ಇತ್ತು. ಅರಮನೆಯ ಕಡೆ ನೋಡಿ, ಕೈ ತೆಗೆದು, ನೀರು ಕುಡಿದು ಮಲಗಿದ.