ಬಾರಿಸದ ನಗಾರಿ

ಕೆಂಚಾಪುರದ ಅರಸ ಮುದ್ದರಸನಿಗೆ ನೆಲ ಅಳೆಯುವ ತೊಂದರೆಯೇ ಇರಲಿಲ್ಲ. ಆನೆಯ ಮೇಲೆ ನಗಾರಿ ಹೇರಿಸಿಕೊಂಡು ಹೋಗಿ ತನ್ನ ಕೈಯಾರೆ ಬಾರಿಸುತ್ತಿದ್ದ. ಸದ್ದು ಎಲ್ಲಿಯವರೆಗೆ ಕೇಳಿಸಿತೋ ಅಲ್ಲಿಯವರೆಗೆ ಅವನ ರಾಜ್ಯ. ಅವನ ಅಪ್ಪನ ಕಾಲದಲ್ಲಿ ಕೆಂಚಾಪುರವೆಂದರೆ ನಾಲ್ಕು ಹಳ್ಳಿ, ಒಂದು ಕೆರೆ. ಈಗ ‘ನನಗೆ ಕೇಳಿಸಲಿಲ್ಲ’ ಎನ್ನುವ ಧೈರ್ಯ ಸುತ್ತಲಿನ ಯಾವ ಪಾಳೆಯಗಾರನಿಗೂ ಇರಲಿಲ್ಲ. ರಾಜ್ಯ ಬೆಳೆದಂತೆ ನಗಾರಿಯೂ ಬೆಳೆಯಿತು. ಪಾಪ, ಆನೆಯನ್ನೂ ಬದಲಾಯಿಸಬೇಕಾಯಿತು.

ಉಳಿದದ್ದು ಹೆಬ್ಬಂಡೆ ಗುಡ್ಡ ಒಂದೇ. ಗುಡ್ಡದವರು ಜೇನು ಮಾರಿ ಬದುಕುವ ಜನ. ಅವರಿಗೆ ಅರಸನಿಲ್ಲ, ಸೈನ್ಯವಿಲ್ಲ. ಊರ ಹಿರಿಯರೇ ಕೂತು ನ್ಯಾಯ ತೀರಿಸುತ್ತಿದ್ದರು. ಅವರ ಪರವಾಗಿ ಕೆಂಚಾಪುರದ ಆಸ್ಥಾನದಲ್ಲಿ ಮಾತಾಡಲು ಹಾಲಗೊಂಡ ಎಂಬವನಿದ್ದ. ಅವನ ಮಾತು ಕಡಿಮೆ, ದನಿ ಇನ್ನೂ ಕಡಿಮೆ.

ಒಂದು ಬೇಸಿಗೆಯಲ್ಲಿ ಮುದ್ದರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

“ಹಾಲಗೊಂಡ, ಬರುವ ಹುಣ್ಣಿಮೆಗೆ ನಿಮ್ಮ ಹೆಬ್ಬಂಡೆಯ ಬುಡದಲ್ಲಿ ನಗಾರಿ ಬಾರಿಸುತ್ತೇನೆ. ಅವತ್ತಿನಿಂದ ಗುಡ್ಡ ನನ್ನದು. ನಿಮ್ಮ ಹಿರಿಯರು ಮನೆಯಲ್ಲಿ ಕೂರಲಿ, ಜೇನೆಲ್ಲ ಅರಮನೆಗೆ ಬರಲಿ. ಅಡ್ಡ ಬಂದವನ ತಲೆ ಇರುವುದಿಲ್ಲ.”

“ಆಗಲಿ ಪ್ರಭು. ದಯಮಾಡಿಸಬೇಕು,” ಎಂದ ಹಾಲಗೊಂಡ.

ಕತ್ತಿ ಮಸೆಸಿಟ್ಟಿದ್ದ ದಳವಾಯಿ ರಾಚಪ್ಪನ ಮುಖ ಸಪ್ಪಗಾಯಿತು. “ಯುದ್ಧ ಮಾಡೋದೇ ಇಲ್ವೇನಯ್ಯಾ?”

“ಇಲ್ಲ ದಳವಾಯಿಗಳೇ. ಒಂದೇ ಅರಿಕೆ. ನಗಾರಿ ಕೇಳಿಸುವವರೆಗೂ ಗುಡ್ಡ ನಮ್ಮದೇ ಆಗಿರಲಿ. ಪ್ರಭುಗಳೇ ಮಾಡಿದ ಕಟ್ಟಳೆ ಅದು.”

“ಒಪ್ಪಿದೆ,” ಎಂದ ಮುದ್ದರಸ. ತಾನೇ ಮಾಡಿದ ಕಟ್ಟಳೆಯನ್ನು ಒಪ್ಪದಿರುವುದು ಹೇಗೆ?

ಗುಡ್ಡಕ್ಕೆ ಮರಳಿದರೆ ಹಿರಿಯರು ಹಾಲಗೊಂಡನ ಮೇಲೆ ಹರಿಹಾಯ್ದರು. ಎಲ್ಲರಿಗಿಂತ ಹಿರಿಯಳು ಚೌಡವ್ವ. “ಗುಡ್ಡಾನೇ ಕೊಟ್ಟು ಬಂದ್ಯಲ್ಲೋ! ಬಂಡೆ ವಿಷಯ ಅಲ್ಲೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಈಗಷ್ಟೇ ಬೆಳೀತಿರೋ ಅರಸು, ಅತ್ತೆ. ತುಂಬಿದ ಸಭೇಲಿ ಬೇಡ ಅಂದ್ರೆ ಹಟಕ್ಕೆ ಬೀಳ್ತಾನೆ. ಬಂದು ತಾನೇ ನೋಡ್ಲಿ. ನೀವೆಲ್ಲ ಕಂಬಳಿ ಹುಡುಕಿಟ್ಕೊಳ್ಳಿ.”

ಹೇಳಿದನೇನೋ ನಿಜ. ಆದರೆ ಆ ಮಹಾರಾಯ ಮೇಲೆ ನೋಡದೆಯೇ ಬಾರಿಸಿಬಿಟ್ಟರೆ ಎಂಬ ಭಯಕ್ಕೆ ಹಾಲಗೊಂಡನಿಗೆ ಹುಣ್ಣಿಮೆಯವರೆಗೆ ಅನ್ನ ಸೇರಲಿಲ್ಲ.

ಹುಣ್ಣಿಮೆಯ ದಿನ ಮಧ್ಯಾಹ್ನ ಮುದ್ದರಸ ಆನೆ, ನಗಾರಿ, ಸೈನ್ಯಸಮೇತ ಬಂದ. ಸುಡುವ ಬಿಸಿಲು. ಸೈನಿಕರು ಬರಿ ಮೈಯಲ್ಲಿದ್ದರು. ದಾರಿಯ ಎರಡೂ ಕಡೆ ಗುಡ್ಡದವರು ದಪ್ಪ ಕಂಬಳಿ ಹೊದ್ದು ಕೂತಿದ್ದರು. ಅವರ ಕಣ್ಣುಗಳನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ.

ಮುದ್ದರಸ ನಗಾರಿಯ ಕೋಲು ಎತ್ತಿದವನು ಹಾಗೇ ನಿಂತ.

“ಏನಿದು? ಊರಿಗೆಲ್ಲ ಚಳಿಜ್ವರವೇ?”

“ಮೆಲ್ಲಗೆ, ಪ್ರಭು,” ಎಂದು ಹಾಲಗೊಂಡ ಪಿಸುಗುಟ್ಟಿದ. “ನಗಾರಿಗಾಗಿ ಕಾಯುತ್ತಿದ್ದೇವೆ. ಬಾರಿಸುವ ಮುಂಚೆ ಒಮ್ಮೆ ಮೇಲೆ ನೋಡಿದರೆ ಒಳ್ಳೆಯದು.”

ಮುದ್ದರಸ ಕತ್ತೆತ್ತಿದ. ಬಂಡೆ ದಾರಿಯ ಮೇಲೆ ಚಾಚಿಕೊಂಡಿತ್ತು. ಅದರ ಅಡಿಗೆ ಹೆಜ್ಜೇನು ಕಟ್ಟಿತ್ತು. ಮೊರದಗಲದ ಹುಟ್ಟುಗಳು, ಕಲ್ಲೇ ಕಾಣದ ಹಾಗೆ, ಒಂದಕ್ಕೊಂದು ಒತ್ತಿಕೊಂಡು ಜೋತುಬಿದ್ದಿದ್ದವು. ಎಲ್ಲವೂ ಸಣ್ಣಗೆ ಅಲುಗುತ್ತಿದ್ದವು.

“ನಮ್ಮಲ್ಲಿ ಮದುವೆಗೂ ವಾಲಗವಿಲ್ಲ ಪ್ರಭು. ನಮ್ಮಜ್ಜನ ಕಾಲದಲ್ಲಿ ಒಬ್ಬರು ಊದಿಸಿದ್ದರಂತೆ. ಮದುಮಗ ಯಾರು, ಮಾವ ಯಾರು ಅಂತ ಗುರುತು ಸಿಗುವುದಕ್ಕೇ ವಾರ ಹಿಡಿಯಿತಂತೆ. ಬರಿ ವಾಲಗಕ್ಕೇ ಹಾಗೆ. ಇದು ನಗಾರಿ.”

ರಾಚಪ್ಪನಿಗೂ ದನಿ ತಗ್ಗಿತು. “ಪ್ರಭು, ಹೊಗೆ ಹಾಕಿ ಓಡಿಸಿಬಿಡೋಣ.”

“ಓಡಿಸಬಹುದು ದಳವಾಯಿಗಳೇ. ಜೇನೂ ಅವುಗಳ ಜೊತೆಗೇ ಹೋಗುತ್ತೆ. ಉಳಿಯೋದು ಕಲ್ಲು. ಕಲ್ಲು ಕೆಂಚಾಪುರದಲ್ಲೇ ಬೇಕಾದಷ್ಟಿದೆ.”

ಮುದ್ದರಸನ ಕೈ ಇನ್ನೂ ಮೇಲೆಯೇ ಇತ್ತು. “ನಿಮಗೂ ಕಚ್ಚುತ್ತವಲ್ಲವೋ?”

“ಕಚ್ಚದೆ ಬಿಡುತ್ತವೆಯೇ? ಎಲ್ಲ ಕಂಬಳಿಗೂ ತೂತಿದೆ. ಅದಕ್ಕೇ ನಾವೂ ಯಾವತ್ತೂ ಬಾರಿಸಿಲ್ಲ.”

ಮುದ್ದರಸ ಕೋಲನ್ನು ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ಕೆಳಗಿಟ್ಟ. ಆಮೇಲೆ ಆನೆಯಿಂದ ಬಗ್ಗಿ, ಹಾಲಗೊಂಡನಿಗೆ ಮಾತ್ರ ಕೇಳುವಂತೆ ಅಂದ: “ಇಷ್ಟು ಜನರನ್ನು ಕಟ್ಟಿಕೊಂಡು ಬಂದು ಸುಮ್ಮನೆ ಹೋದರೆ ನನ್ನ ಮಾನ ಏನಾಗಬೇಕಯ್ಯಾ?”

“ಸುಮ್ಮನೆ ಯಾಕೆ ಹೋಗಬೇಕು? ಡಂಗುರ ಸಾರಿಸಿ. ‘ಹೆಬ್ಬಂಡೆಯಲ್ಲಿ ನಗಾರಿ ಬಾರಿಸುವ ಹಕ್ಕು ನಮ್ಮೊಬ್ಬರದೇ. ಬೇರೆ ಯಾವ ಅರಸನೂ ಬಾರಿಸಕೂಡದು. ನಾವು ಯಾವಾಗ ಬಾರಿಸುತ್ತೇವೆಂಬುದು ನಮ್ಮ ಇಷ್ಟ.’ ನಮ್ಮ ತಕರಾರೇನೂ ಇಲ್ಲ. ಆದರೆ ಡಂಗುರವನ್ನು ಊರಿಗೆ ಹೋದ ಮೇಲೆ ಸಾರಿಸಿ.”

ಮುದ್ದರಸನ ಮುಖ ಅರಳಿತು. “ಹಕ್ಕು ನನ್ನದೇ ಅಂತಾಯ್ತಲ್ಲ?”

“ಪೂರ್ತಿ ತಮ್ಮದೇ.”

“ಗುಡ್ಡ?”

“ಸದ್ದು ಕೇಳಿಸುವವರೆಗೂ ನಮ್ಮದು. ತಾವೇ ಒಪ್ಪಿದ್ದು.”

ಮುದ್ದರಸನಿಗೆ ಆಟ ಅರ್ಥವಾಯಿತು. ಅವನೂ ದಡ್ಡನಲ್ಲ, ಸುಮ್ಮನೆ ಅಷ್ಟು ಬೆಳೆದಿರಲಿಲ್ಲ.

“ಒಂದು ಕತ್ತಿಯೂ ಇಲ್ಲದೆ ನನ್ನ ಕೈ ಕಟ್ಟಿಹಾಕಿದೆಯಲ್ಲೋ. ಏನು ಬೇಕು ಕೇಳು.”

“ಆ ಕೋಲು ನಮ್ಮ ಗುಡ್ಡದಲ್ಲೇ ಇರಲಿ ಪ್ರಭು. ಜೋಪಾನ ಮಾಡುತ್ತೇವೆ.”

“ನಾಳೆ ನನಗೆ ಬಾರಿಸಬೇಕೆನಿಸಿದರೆ?”

“ಬಂದು ಕೇಳಿ, ಆ ಕ್ಷಣವೇ ಕೊಡುತ್ತೇನೆ. ಕಂಬಳಿ ಹೊದ್ದುಕೊಳ್ಳುವಷ್ಟು ಹೊತ್ತು ಕೊಟ್ಟರೆ ಸಾಕು.”

ಮುದ್ದರಸನಿಗೆ ನಗು ಉಕ್ಕಿ ಬಂತು. ಬಾಯಿ ಅಗಲಿಸಿದವನು ಬಂಡೆಯ ಕಡೆ ನೋಡಿ, ಉತ್ತರೀಯವನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡ. ಕೋಲನ್ನು ಹಾಲಗೊಂಡನ ಕೈಗಿತ್ತು, ಆನೆಯನ್ನು ಮೆಲ್ಲಗೆ ತಿರುಗಿಸಲು ಸನ್ನೆ ಮಾಡಿದ. ಗುಡ್ಡ ದಾಟಿ, ಕೆಂಚಾಪುರದ ಕೆರೆಯ ಏರಿ ಸಿಕ್ಕ ಮೇಲೆ ಉತ್ತರೀಯ ಹೊರಗೆಳೆದು, ಹೊಟ್ಟೆ ಹಿಡಿದುಕೊಂಡು ನಕ್ಕ.