ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಹೊಳೆದಂಡೆಯ ಮಠದಲ್ಲಿ ಕೊಟ್ರಬಸಪ್ಪ ಅಂತ ಒಬ್ಬ ಶಿಷ್ಯ. ಅಡಿಗೆಮನೆ ಅವನದು.

ಅವನ ಹಂಡೆ ಎಷ್ಟು ದೊಡ್ಡದೆಂದರೆ, ಒಂದು ಸಲ ಅದರೊಳಗೆ ಬಿದ್ದ ಸೌಟು ಹುಡುಕಲು ಹರಿಗೋಲು ಬಿಟ್ಟಿದ್ದರು. ಸುಳ್ಳೆನ್ನುವವರು ನನ್ನನ್ನು ಕೇಳಲಿ. ಆ ಸಾರನ್ನು ನಾನು ಉಂಡಿದ್ದೇನೆ, ಉಂಡು ಎಲೆಯನ್ನು ಕನ್ನಡಿಯಂತೆ ನೆಕ್ಕಿಟ್ಟಿದ್ದೇನೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ.

ಕೊಟ್ರಬಸಪ್ಪನಿಗೆ ಪಾವು, ಸೇರು ಬೇಕಿರಲಿಲ್ಲ. ಮಠದ ಬಾಗಿಲಿಗೆ ಹೋಗಿ, ಭಕ್ತರು ಬಿಟ್ಟ ಚಪ್ಪಲಿ ನೋಡಿ ಬಂದು ಅಕ್ಕಿ ಸುರಿಯುತ್ತಿದ್ದ. ಸವೆದ ಚಪ್ಪಲಿಯೆಂದರೆ ದೂರ ನಡೆದವನು; ಅವನಿಗೆ ಒಂದು ಹಿಡಿ ಹೆಚ್ಚು. ಒಂದಗುಳೂ ಉಳಿಯುತ್ತಿರಲಿಲ್ಲ, ಕಡಿಮೆಯೂ ಬೀಳುತ್ತಿರಲಿಲ್ಲ.

ಒಂದು ದಿನ ಅವನು ಗುರುಗಳ ಮುಂದೆ ಕೈಮುಗಿದು ನಿಂತ. ಗುರುಗಳನ್ನು ಎಲ್ಲರೂ ತಾತ ಅನ್ನುತ್ತಿದ್ದರು.

"ತಾತಾ, ಸೌಟು ಹಿಡಿದು ಕೂದಲು ನೆರೀತು. ದೀಕ್ಷೆ ಕೊಡ್ರಿ."

"ಆಚೆ ದಂಡಿ ಗುಡಿಸಲದಾಗ ಹುಣ್ಣಿಮಿತನಕ ಇರು. ಒಬ್ಬನಿಗೆ ಅಡಿಗಿ ಮಾಡು. ಅನ್ನ ಕೆಡಬಾರದು. ಉಂಡವನೂ ಕೆಡಬಾರದು. ಅಷ್ಟಾದ್ರ ದೀಕ್ಷೆ."

"ಕೆಟ್ರ?"

"ಕೆಟ್ರ ಸೌಟು ಐತಲ್ಲ."

ಊರಿಗೇ ಉಣಿಸಿದವನಿಗೆ ಒಬ್ಬನ ಅಡಿಗೆಯೇ! ಕೊಟ್ರಬಸಪ್ಪ ನಗುತ್ತ ಹರಿಗೋಲು ಹತ್ತಿದ.

ಗುಡಿಸಲಲ್ಲಿ ಬೇರೆ ಯಾರೂ ಇರಲಿಲ್ಲ. ನವಣೆ, ಹೆಸರುಬೇಳೆ, ಬುಟ್ಟಿ ತುಂಬ ಕುಂಬಳಕಾಯಿ ಇದ್ದವು. ಹಿತ್ತಲಲ್ಲಿ ನುಗ್ಗೆ ಗಿಡ. ಅವನು ಒಲೆ ಹಚ್ಚಿದ. ಅಭ್ಯಾಸದಂತೆ ಬಾಗಿಲಿಗೆ ಹೋಗಿ ನೋಡಿದ.

ಒಂದೂ ಚಪ್ಪಲಿ ಇರಲಿಲ್ಲ. ಅಡಿಗೆಮನೆಯಲ್ಲೇ ಬಾಳಿದ ಅವನದು ಬರಿಗಾಲು.

ಎಷ್ಟು ಹಾಕಬೇಕೋ ತಿಳಿಯದೆ ಒಲೆ ಆರಿಸಿ ಮಲಗಿದ.

ಮರುದಿನ ಹೊಟ್ಟೆ ಚುರುಗುಟ್ಟಿತು. ಗಾಬರಿಯಲ್ಲಿ ಇಡೀ ಕುಂಬಳಕಾಯಿ ಹೆಚ್ಚಿದ, ಗಡಿಗೆ ತುಂಬ ನವಣೆ ಬೇಯಿಸಿದ. ಉಂಡ. ಉಳಿಯಿತು. ಅನ್ನ ಕೆಡಬಾರದಲ್ಲ! ಅದನ್ನೂ ಉಂಡ. ಆಮೇಲೆ ಇದೇ ಪಾಡು: ಒಂದು ದಿನ ಹೆದರಿ ಉಪವಾಸ, ಒಂದು ದಿನ ಹೆದರಿ ಹಬ್ಬ. ಹೊಟ್ಟೆ ಎಷ್ಟು ಉಬ್ಬಿತೆಂದರೆ, ಹೊಳೆಯಲ್ಲಿ ಮುಳುಗು ಹಾಕಲು ಹೋದರೆ ತೇಲಿಬಿಡುತ್ತಿದ್ದ.

ಹುಣ್ಣಿಮೆಗೆ ಮುಂಚೆಯೇ ತಾತ ಬಂದರು. ಶಿಷ್ಯ ಅಂಗಾತ ಮಲಗಿದ್ದ.

"ತಾತಾ, ಏಳಾಕ ಆಗವಲ್ದು, ತಪ್ಪು ತಿಳೀಬ್ಯಾಡ್ರಿ. ಆದ್ರ ಒಂದು ಅಗುಳು ಕೆಟ್ಟಿಲ್ಲ!"

"ಭೇಷ್. ಉಳಿದದ್ದು ಎಲ್ಲಿ ಹಾಕಿದಿ?"

"ಹೊಟ್ಟ್ಯಾಗ."

"ಹೊಟ್ಟಿ ಬೇಡಿತ್ತೇನು?"

"ಇಲ್ರಿ. ಸಾಕು ಸಾಕು ಅಂತಿತ್ತು."

ತಾತ ಒಲೆಯ ಬಳಿ ಬಿದ್ದಿದ್ದ ಕುಂಬಳದ ಸಿಪ್ಪೆ ತಂದು ಅವನ ಹೊಟ್ಟೆಯ ಮೇಲೆ ಸುರಿದರು.

"ಏನಿದು ತಾತಾ!"

"ತಿಪ್ಪಿ ಕಾಣಿಸ್ತು, ಹಾಕಿದೆ."

ಕೊಟ್ರಬಸಪ್ಪ ಸಿಪ್ಪೆ ಕೊಡವಿಕೊಂಡು ಎದ್ದು ಕುಳಿತ.

"ಹೊರಗ ಚೆಲ್ಲಿದ್ರೂ ತಪ್ಪು, ಒಳಗ ಹಾಕಿದ್ರೂ ತಪ್ಪು. ಹಂಗಾದ್ರ ಎಷ್ಟು ಮಾಡ್ಲಿ? ಎಷ್ಟು ಹಿಡಿ, ಹೇಳಿಬಿಡ್ರಿ."

"ಮಠದಾಗ ಹೆಂಗ ಹಾಕ್ತಿದ್ದಿ?"

"ಚಪ್ಪಲಿ ನೋಡಿ."

"ನಿನ್ನ ಪಾಲು?"

"ನಂದಾ?" ಅವನು ತಲೆ ಕೆರೆದುಕೊಂಡ. "ನಂದು ಹಾಕಿದ ನೆನಪಿಲ್ರಿ. ತಳಕ್ಕ ಹತ್ತಿದ್ದು ಕೆರಕೊಂಡು ತಿಂತಿದ್ದೆ. ಒಮ್ಮೆ ಭಾಳ, ಒಮ್ಮೆ ಏನೂ ಇಲ್ಲ."

"ಹಸಿವು ಆಗ್ತಿತ್ತೋ ಇಲ್ಲೋ?"

"ಆ ಗಡಿಬಿಡ್ಯಾಗ ಯಾರು ನೋಡ್ತಾರ ತಾತಾ?"

ತಾತ ಹೊರಗೆ ಬಿಟ್ಟಿದ್ದ ತಮ್ಮ ತೇಪೆ ಹಾಕಿದ ಚಪ್ಪಲಿ ತಂದು ಅವನ ಮುಂದಿಟ್ಟರು.

ಗುರುವಿನ ಪಾದುಕೆ! ಇದೇ ದೀಕ್ಷೆಯಿರಬೇಕು. ಕೊಟ್ರಬಸಪ್ಪ ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಇಳಸೋ. ಅವು ಕಾಲಿಗೆ."

"ನಿಮ್ಮ ಪಾದುಕಾ ನನ್ನ ಕಾಲಾಗ? ಪಾಪ ಬರೂದಿಲ್ಲೇನು?"

"ಬಂದ್ರ ನನಗ ಬರ್ಲಿ. ಮೆಟ್ಟಿಕೊಂಡು ಆ ಬೇವಿನ ಮರ ಮುಟ್ಟಿ ಬಾ."

ಬೇವಿನ ಮರ ದಿಬ್ಬದ ಮೇಲೆ, ದೂರದಲ್ಲಿತ್ತು. ಬಿಸಿಲು ನೆತ್ತಿಯ ಮೇಲಿತ್ತು. ಅವನು ಉಬ್ಬಸಪಡುತ್ತ ಹತ್ತಿದ, ಮುಟ್ಟಿದ, ಇಳಿದ. ಇಳಿಯುವಷ್ಟರಲ್ಲಿ ಹೊಟ್ಟೆ ಹಗುರಾಗಿ ಒಳಗೆಲ್ಲೋ ಸಣ್ಣಗೆ ಗುರುಗುಟ್ಟಿತು. ಅದನ್ನು ಕೇಳಿಸಿಕೊಳ್ಳುವ ಪುರುಸೊತ್ತು ಅವನಿಗಿರಲಿಲ್ಲ. ದೀಕ್ಷೆ ಸಿಕ್ಕಿತೋ, ತಪ್ಪಿತೋ? ಅದೇ ಚಿಂತೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ತಾತ ಕಾಣಲಿಲ್ಲ. ಒಲೆಯ ಮುಂದೆ ಕುಳಿತು, ಅಭ್ಯಾಸದಂತೆ ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ. ಸವೆದದ್ದು.

"ಬರ್ರಿ, ಬರ್ರಿ! ಕೈಕಾಲು ತೊಳಕೋರಿ!" ಎಂದು ಎದ್ದೇಬಿಟ್ಟ. ಕೈ ತಾನಾಗಿ ನವಣೆಯ ಡಬ್ಬಿಗೆ ಇಳಿದಿತ್ತು.

ಯಾರೂ ಬರಲಿಲ್ಲ.

ಡಬ್ಬಿ ಕಂಕುಳಲ್ಲಿ ಹಿಡಿದು ಬಾಗಿಲಿಗೆ ಓಡಿ ಚಪ್ಪಲಿಯ ಪಕ್ಕ ನಿಂತ. ತಾತ ಬರಿಗಾಲಲ್ಲಿ ಹರಿಗೋಲು ಹತ್ತಿ ನಡುಹೊಳೆಗೆ ಹೋಗಿದ್ದರು.

"ತಾತಾ! ಚಪ್ಪಲಿ ಅದಾವ, ಮಂದಿ ಇಲ್ಲ! ಎಷ್ಟು ಹಾಕ್ಲಿ? ದೀಕ್ಷೆ ಐತೋ ಇಲ್ಲೋ?"

ತಾತ ತಿರುಗಿ ನೋಡದೆ ಕೂಗಿದರು:

"ದೀಕ್ಷೆ ಕಾಯ್ತೈತಿ, ಹಸಿದವನು ಕಾಯೂದಿಲ್ಲ. ಬಂದವನು ಬಾಗಿಲದಾಗ ನಿಂತಾನ. ಎಷ್ಟು ಬೇಕಪ್ಪಾ ಅಂತ ಮೊದಲು ಅವನಿಗೆ ಕೇಳು."